ನನ್ನ ಬಣ್ಣದ ಪೆನ್ಸಿಲು ಮತ್ತು ಹೆಮ್ಮಾಡಿ ಸೇವಂತಿಗೆ



ಈ ಸಲದ ಗೋಡೆ ಪತ್ರಿಕೆಗೆ "ನನ್ನ ಹವ್ಯಾಸ" ಎಂಬ ವಿಷಯದ ಮೇಲೆ ಬರೆಯಬೇಕೆಂದು ಕನ್ನಡ ಟೀಚರ್ ಹೇಳಿದ್ದಾರೆ. ಕೆಲವರು ನಾಣ್ಯ ಸಂಗ್ರಹದ ಬಗ್ಗೆ ಬರೆದಿದ್ದಾರೆ. ಕೆಲವರು ಯಕ್ಷಗಾನದ ಹೆಜ್ಜೆ ಕಲಿಯುವುದರ ಬಗ್ಗೆ ಬರೆದಿದ್ದಾರೆ. ಬಣ್ಣದ ಪೆನ್ಸಿಲಿನಲ್ಲಿ ಪ್ರಕೃತಿಯ ಚಿತ್ರ ಬಿಡಿಸುವುದು ನನ್ನ ಹವ್ಯಾಸ. ನನ್ನ ಬರಹ ಉದ್ದ ಆಗಿದೆ, ಐದಾರು ಹಾಳೆ ಬೇಕಾಯಿತು. ಟೀಚರ್ ಓದಿ, "ಇರಲಿ, ಒಂದು ಸಾಲೂ ಕಡಿಮೆ ಮಾಡಬೇಡ" ಎಂದರು. ಆದ್ದರಿಂದ ದಯವಿಟ್ಟು ಮೊದಲನೆ ಹಾಳೆ ಓದಿ ಬಿಸಿಯೂಟಕ್ಕೆ ಓಡಬೇಡಿ. ಎಲ್ಲರೂ ತಿಳಿಯಬೇಕಾದ ಒಂದು ಮಾತು ಕೊನೆಯ ಕಡೆ ಇದೆ.

ನನಗೆ ಬಣ್ಣದ ಪೆನ್ಸಿಲು ಮೊದಲು ಸಿಕ್ಕಿದ್ದು ಐದನೇ ತರಗತಿಯಲ್ಲಿ. ನನ್ನ ಮಾವ ಬೆಂಗಳೂರಿನಲ್ಲಿ ಬೇಕರಿಯಲ್ಲಿ ಕೆಲಸಕ್ಕಿದ್ದಾರೆ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಒಬ್ಬರಾದರೂ ಬೆಂಗಳೂರಿನ ಬೇಕರಿಯಲ್ಲೋ ಮುಂಬಯಿಯ ಹೋಟೆಲಿನಲ್ಲೋ ಇರುತ್ತಾರಲ್ಲ, ಹಾಗೆ. ಮಾವ ಊರಿಗೆ ಬಂದಾಗ ಒಂದು ಪೊಟ್ಟಣ ಬೆಣ್ಣೆ ಬಿಸ್ಕತ್ತು, ಒಂದು 12 ಬಣ್ಣದ ಪೆನ್ಸಿಲಿನ ಪೆಟ್ಟಿಗೆ ತಂದುಕೊಟ್ಟರು. ಬಿಸ್ಕತ್ತು ಅವತ್ತೇ ಮುಗಿಯಿತು. ಪೆನ್ಸಿಲನ್ನು ನಾನು ಒಂದು ವಾರ ಮುಟ್ಟಲೇ ಇಲ್ಲ. ಎಲ್ಲ ಒಂದೇ ಉದ್ದ ಇತ್ತು, ಹೆರೆದರೆ ಗಿಡ್ಡ ಆಗುತ್ತದೆ ಅಂತ ಬೇಜಾರು. ರಾತ್ರಿ ಮಲಗುವಾಗ ಪೆಟ್ಟಿಗೆ ತೆರೆದು ವಾಸನೆ ನೋಡಿ ಮುಚ್ಚಿಡುತ್ತಿದ್ದೆ. ಮರದ್ದೂ ಮೇಣದ್ದೂ ಸೇರಿದ ಒಂದು ಪರಿಮಳ. ಅಮ್ಮ, "ಅದೆಂತ ದೇವ್ರ ಪೆಟ್ಗಿಯಾ? ಬರಿ ಹೆಣೆ" ಎಂದು ನಗುತ್ತಿದ್ದಳು.

ಆಮೇಲೆ ಶುರು ಮಾಡಿದೆ. ಒಂದು ವರ್ಷ ಕಳೆದಾಗ ಪೆಟ್ಟಿಗೆ ತೆರೆದು ನೋಡಿದರೆ ಪೆನ್ಸಿಲುಗಳು ಮೆಟ್ಟಿಲಿನ ಹಾಗೆ ನಿಂತಿದ್ದವು. ಹಸಿರು ಎಲ್ಲಕ್ಕಿಂತ ಗಿಡ್ಡ. ಅದರ ನಂತರ ನೀಲಿ. ಅದರ ನಂತರ ಕಂದು. ಗುಲಾಬಿ ಬಣ್ಣ ಅರ್ಧ. ಬಿಳಿ ಮಾತ್ರ ಅಂಗಡಿಯಿಂದ ಬಂದ ಹಾಗೇ ಇತ್ತು. ನಿಮ್ಮ ಪೆಟ್ಟಿಗೆ ತೆರೆದು ನೋಡಿ, ನಿಮ್ಮದೂ ಹಾಗೇ ಇರಬಹುದು. ಯಾಕೆಂದರೆ ನಾವೆಲ್ಲ ಬಿಡಿಸುವುದು ಒಂದೇ ಚಿತ್ರ.

ಆ ಚಿತ್ರ ಯಾವುದು ಎಂದು ಹೇಳಬೇಕೆ? ಎರಡು ಮೂರು ತ್ರಿಕೋನದ ಗುಡ್ಡ. ನಡುವಿನಲ್ಲಿ ಅರ್ಧ ಸೂರ್ಯ, ಅವನ ಸುತ್ತ ಗೆರೆ. ಗುಡ್ಡದಿಂದ ಇಳಿದು ಬರುವ ಒಂದು ನದಿ, ಅದರ ಬದಿಯಲ್ಲಿ ಒಂದು ಗುಡಿಸಲು, ಒಂದು ತೆಂಗಿನ ಮರ. ಆಕಾಶದಲ್ಲಿ ನಾಲ್ಕು ಹಕ್ಕಿ. "ಪ್ರಕೃತಿ ದೃಶ್ಯ ಬಿಡಿಸಿ" ಎಂದು ಯಾರು ಹೇಳಿದರೂ ನಮ್ಮ ಕೈ ತಾನಾಗಿಯೇ ಇದನ್ನು ಬಿಡಿಸುತ್ತದೆ. ನಾನೂ ಆರನೇ ತರಗತಿಯವರೆಗೆ ಇದನ್ನೇ ಬಿಡಿಸಿದೆ. ಪ್ರತಿಭಾ ಕಾರಂಜಿಗೂ ಇದನ್ನೇ ಬಿಡಿಸಿದೆ. ಅಲ್ಲಿ ಸುತ್ತಲೂ ನೋಡಿದರೆ ಎಲ್ಲರ ಹಾಳೆಯಲ್ಲೂ ಅದೇ ಗುಡ್ಡ, ಅದೇ ಸೂರ್ಯ! ನನಗೆ ಬಹುಮಾನ ಬರಲಿಲ್ಲ.

ಮರುದಿನ ವಿಜ್ಞಾನದ ಮಾಷ್ಟ್ರು ನನ್ನ ಚಿತ್ರ ಕೈಗೆ ತೆಗೆದುಕೊಂಡು ತುಂಬ ಹೊತ್ತು ನೋಡಿದರು. ಆಮೇಲೆ ಕೇಳಿದರು.

"ಚಂದ ಇದೆ. ಇದು ಯಾವ ಊರು?"

ನಾನು, "ನಮ್ಮ ಊರೇ ಸಾರ್" ಎಂದೆ.

"ನಮ್ಮ ಊರಲ್ಲಿ ಈ ಗುಡ್ಡ ಎಲ್ಲಿದೆ? ಬಾ, ತೋರಿಸು."

ನನ್ನನ್ನು ಜಗುಲಿಗೆ ಕರೆದುಕೊಂಡು ಬಂದು ಮೂಡು ದಿಕ್ಕಿಗೆ ನಿಲ್ಲಿಸಿದರು. ಮಳೆ ಬಿಟ್ಟ ದಿನ. ದೂರದಲ್ಲಿ ಘಟ್ಟ ಸ್ವಚ್ಛ ಕಾಣುತ್ತಿತ್ತು. ಒಂದು ತ್ರಿಕೋನವೂ ಇರಲಿಲ್ಲ. ಉದ್ದಕ್ಕೆ ಒಂದು ನೀಲಿ ಗೋಡೆಯ ಹಾಗೆ, ಅಲ್ಲಲ್ಲಿ ಸ್ವಲ್ಪ ಏರಿ ಸ್ವಲ್ಪ ಇಳಿದು ಹೋಗಿತ್ತು. "ಆ ಎತ್ತರ ಕಾಣುವುದು ಕೊಡಚಾದ್ರಿ. 1343 ಮೀಟರು. ಅದರ ಬಣ್ಣ ಎಂತ?" ಎಂದರು. ನಾನು ಗುಡ್ಡ ಎಂದರೆ ಕಂದು ಅಥವಾ ಹಸಿರು ಎಂದುಕೊಂಡಿದ್ದೆ. ನೋಡಿದರೆ ನೀಲಿ, ಅದೂ ಹೊಗೆ ಬೆರೆತ ನೀಲಿ. "ದೂರದ ಗುಡ್ಡ ಯಾಕೆ ನೀಲಿ ಕಾಣುತ್ತದೆ?" ಎಂದು ಕೇಳಿ ಅವರೇ ಹೇಳಿದರು. ನಮಗೂ ಗುಡ್ಡಕ್ಕೂ ನಡುವೆ ಎಷ್ಟೋ ಮೈಲಿ ಗಾಳಿ ಇದೆಯಲ್ಲ, ಆ ಗಾಳಿ ಬಿಸಿಲಿನ ನೀಲಿ ಬಣ್ಣವನ್ನು ಹೆಚ್ಚು ಚದುರಿಸುತ್ತದಂತೆ. ಆಕಾಶ ನೀಲಿ ಇರುವುದೂ ಅದಕ್ಕೇ ಅಂತೆ.

ಆಮೇಲೆ ಅವರು ಒಂದು ಮಾತು ಹೇಳಿದರು: "ನೀನು ಕಣ್ಣಿಂದ ಬಿಡಿಸಲಿಲ್ಲ, ನೆನಪಿನಿಂದ ಬಿಡಿಸಿದೆ. ಅದೂ ಬೇರೆಯವರ ನೆನಪು." ಆ ಮಾತು ನನಗೆ ಅವತ್ತು ಪೂರ್ತಿ ಅರ್ಥ ಆಗಲಿಲ್ಲ. ಸಿಟ್ಟು ಬಂತು. ಆದರೆ ಮನೆಗೆ ಹೋಗುವ ದಾರಿಯಲ್ಲಿ ನಾನು ಎಲ್ಲವನ್ನೂ ನೋಡುತ್ತಾ ಹೋದೆ.

ಹಸಿರು ಎಂದರೆ ಒಂದು ಬಣ್ಣ ಅಲ್ಲ ಮಾರಾಯ್ರೇ! ಬಾಳೆಯ ಸುರುಳಿ ಎಲೆ ಹಳದಿ ಹಸಿರು. ಹಲಸಿನ ಎಲೆ ಕಪ್ಪು ಹಸಿರು, ಮೇಲೆ ಎಣ್ಣೆ ಹಚ್ಚಿದ ಹಾಗೆ ಮಿಂಚು. ಗೇರಿನ ಚಿಗುರು ಹಸಿರೇ ಅಲ್ಲ, ಕೆಂಪು. ಮಾವಿನ ಚಿಗುರೂ ಹಾಗೇ. ಗದ್ದೆಯ ನೇಜಿ ಒಂದು ಹಸಿರು, ನೆಟ್ಟು ತಿಂಗಳಾದ ಮೇಲೆ ಇನ್ನೊಂದು ಹಸಿರು. ಪಾಗಾರದ ಮೇಲಿನ ಪಾಚಿ ಮಳೆಗಾಲದಲ್ಲಿ ಒಂದು ಬಣ್ಣ, ಬಿಸಿಲಿಗೆ ಒಣಗಿದಾಗ ಕಪ್ಪು. ನನ್ನ ಹತ್ತಿರ ಇದ್ದದ್ದು ಎರಡೇ ಹಸಿರು ಪೆನ್ಸಿಲು. ಏನು ಮಾಡುವುದು? ಅಲ್ಲಿಂದ ನಾನು ಬಣ್ಣ ಸೇರಿಸಲು ಕಲಿತೆ. ಹಳದಿ ಹಾಕಿ ಮೇಲೆ ಮೆಲ್ಲಗೆ ನೀಲಿ ತಿಕ್ಕಿದರೆ ಹಸಿರು ಬರುತ್ತದೆ. ಹಸಿರಿನ ಮೇಲೆ ಸ್ವಲ್ಪ ಕೆಂಪು ತಿಕ್ಕಿದರೆ ಹಲಸಿನ ಎಲೆಯ ಕಪ್ಪು ಹಸಿರು ಬರುತ್ತದೆ. ಬಿಳಿ ಪೆನ್ಸಿಲೂ ಕೆಲಸಕ್ಕೆ ಬಂತು. ಬಣ್ಣ ಹಾಕಿದ ಮೇಲೆ ಬಿಳಿಯಿಂದ ಒತ್ತಿ ತಿಕ್ಕಿದರೆ ಗೆರೆಗೆರೆ ಹೋಗಿ ನುಣುಪಾಗುತ್ತದೆ. ಘಟ್ಟದ ಹೊಗೆ ನೀಲಿ ಬಂದದ್ದು ಹಾಗೆ.

ಬಣ್ಣದ ಪೆನ್ಸಿಲಿನ ಒಳಗೆ ಏನಿದೆ ಎಂದೂ ಮಾಷ್ಟ್ರಿಂದ ತಿಳಿದೆ. ನಾವು ಬರೆಯುವ ಕಪ್ಪು ಪೆನ್ಸಿಲನ್ನು ಸೀಸದ ಕಡ್ಡಿ ಎನ್ನುತ್ತೇವೆ. ಆದರೆ ಅದರಲ್ಲಿ ಸೀಸ ಇಲ್ಲ. ಗ್ರಾಫೈಟು ಮತ್ತು ಜೇಡಿಮಣ್ಣು ಇದೆ. ಬಣ್ಣದ ಪೆನ್ಸಿಲಿನಲ್ಲಿ ಗ್ರಾಫೈಟು ಇಲ್ಲ. ಬಣ್ಣದ ಪುಡಿ, ಮೇಣ, ಅಂಟು ಇವನ್ನೆಲ್ಲ ಸೇರಿಸಿ ಕಡ್ಡಿ ಮಾಡುತ್ತಾರೆ. ಮೇಣ ಇರುವುದರಿಂದ ರಬ್ಬರಿನಲ್ಲಿ ಒರೆಸಿದರೆ ಪೂರ್ತಿ ಹೋಗುವುದಿಲ್ಲ, ಇನ್ನೂ ಹರಡಿ ಗಲೀಜು ಆಗುತ್ತದೆ. ಒಮ್ಮೆ ಹಾಕಿದ ಬಣ್ಣ ಹಾಕಿದ್ದೇ. ಈ ಮಾತನ್ನು ನೆನಪಿಡಿ, ಮುಂದೆ ಬೇಕು.

ನಾನು ಹೋದ ಹೋದಲ್ಲಿ ಚಿತ್ರ ಬಿಡಿಸಲು ಶುರು ಮಾಡಿದೆ. ಕುಂದಾಪುರದ ಹತ್ತಿರ ಪಂಚಗಂಗಾವಳಿ ಹೊಳೆಯ ಬದಿಯಲ್ಲಿ ಕಾಂಡ್ಲ ಗಿಡಗಳಿವೆ. ದೊಡ್ಡಮ್ಮನ ಮನೆಗೆ ಹೋದಾಗ ಅದನ್ನು ಬಿಡಿಸಿದೆ. ಕಾಂಡ್ಲದ ಬೇರು ನೀರಿನ ಮೇಲೆಯೇ ಬಿಲ್ಲಿನ ಹಾಗೆ ಬಗ್ಗಿ ಕೆಸರಿಗೆ ಇಳಿಯುತ್ತದೆ. ಮರ ಕಾಲೂರಿ ನಿಂತ ಹಾಗೆ ಕಾಣುತ್ತದೆ. ಅದರ ಬೀಜ ಮರದಲ್ಲಿ ಇರುವಾಗಲೇ ಮೊಳಕೆ ಬಂದು ನುಗ್ಗೆಕಾಯಿಯ ಹಾಗೆ ಉದ್ದಕ್ಕೆ ನೇತಾಡುತ್ತದೆ. ನಾನು ಮೊದಲು ಅದನ್ನು ಕಾಯಿ ಎಂದುಕೊಂಡೆ. ಬಿಡಿಸಲು ಕುಳಿತ ಮೇಲೆಯೇ ಮೇಲೆ ಒಂದು ಕಂದು ಟೊಪ್ಪಿ, ಕೆಳಗೆ ಉದ್ದದ ಹಸಿರು ಮೊಳಕೆ ಎಂದು ಬೇರೆ ಬೇರೆ ಕಂಡದ್ದು. ಎಷ್ಟು ಸಲ ದೋಣಿಯಲ್ಲಿ ಆ ದಾರಿ ಹೋಗಿದ್ದೆನೋ, ಒಂದು ಸಲವೂ ನೋಡಿರಲಿಲ್ಲ.

ಮರವಂತೆಯಲ್ಲಿ ಇನ್ನೊಂದು ಕಷ್ಟ ಆಯಿತು. ಅಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಪಡುವಣಕ್ಕೆ ಸಮುದ್ರ, ಮೂಡಣಕ್ಕೆ ಸೌಪರ್ಣಿಕಾ ನದಿ. ನಡುವಿನಲ್ಲಿ ರಸ್ತೆ. ಎರಡೂ ಕಡೆ ನೀರೇ. ನನ್ನ ಹತ್ತಿರ ನೀಲಿ ಪೆನ್ಸಿಲು ಗೇಣುದ್ದ ಕೂಡ ಇರಲಿಲ್ಲ. ಆದರೆ ನೋಡಿದರೆ ಎರಡೂ ನೀರಿನ ಬಣ್ಣ ಬೇರೆಯೇ. ಸಮುದ್ರದ ನೀರು ದಡದಲ್ಲಿ ಬಿಳಿ, ಸ್ವಲ್ಪ ಆಚೆ ಹಸಿರು, ದೂರದಲ್ಲಿ ಗಾಢ ನೀಲಿ. ನದಿಯ ನೀರಿನಲ್ಲಿ ನೀಲಿಯೇ ಇಲ್ಲ. ಅದರಲ್ಲಿ ಇದ್ದದ್ದು ಆಚೆ ದಡದ ತೆಂಗಿನ ಮರದ ಹಸಿರು, ತಲೆ ಕೆಳಗಾಗಿ. ಹಾಗಾಗಿ ನನ್ನ ನೀಲಿ ಉಳಿಯಿತು!

ಮಾಷ್ಟ್ರು ನನಗೆ ಇಬ್ಬರು ದೊಡ್ಡವರ ಬಗ್ಗೆ ಹೇಳಿದ್ದಾರೆ. ಒಬ್ಬರು ಕೆ. ಕೆ. ಹೆಬ್ಬಾರರು. ಉಡುಪಿಯ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದವರು. ಹಳ್ಳಿಯಿಂದ ಹೋಗಿ ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು ದೇಶಕ್ಕೇ ಹೆಸರಾದ ಚಿತ್ರಕಾರರಾದರು. 1989ರಲ್ಲಿ ಪದ್ಮಭೂಷಣ ಬಂತು. 1996ರಲ್ಲಿ ತೀರಿಕೊಂಡರು. ಒಂದೇ ಗೆರೆಯಲ್ಲಿ ಕುಣಿಯುವವರನ್ನು ಬಿಡಿಸಿಬಿಡುತ್ತಿದ್ದರಂತೆ. ಇನ್ನೊಬ್ಬರು ನಮ್ಮ ಕೋಟದ ಡಾ. ಶಿವರಾಮ ಕಾರಂತರು (1902–1997). ಅವರು ಮಕ್ಕಳಿಗಾಗಿ 'ಬಾಲಪ್ರಪಂಚ' ಎಂಬ ದೊಡ್ಡ ಪುಸ್ತಕ ಮಾಡಿದರು. ಕಾದಂಬರಿ ಬರೆದವರು, ಯಕ್ಷಗಾನ ಕುಣಿದವರು, ಚಿತ್ರವನ್ನೂ ಬಿಡಿಸಿದವರು. ಇವರಿಬ್ಬರೂ ನಮ್ಮ ಹಾಗೆಯೇ ಈ ಗದ್ದೆ, ಈ ಕಡಲು ನೋಡಿಕೊಂಡು ದೊಡ್ಡವರಾದವರು ಎಂದು ಕೇಳಿ ನನಗೆ ಧೈರ್ಯ ಬಂತು.

ಈಗ ಸೇವಂತಿಗೆಯ ವಿಷಯಕ್ಕೆ ಬರುತ್ತೇನೆ.

ನನ್ನ ಅಜ್ಜಿಮನೆ ಹೆಮ್ಮಾಡಿ ಕಡೆ. ಹೆಮ್ಮಾಡಿ ಸೇವಂತಿಗೆ ನಿಮಗೆಲ್ಲ ಗೊತ್ತು. ಪೇಟೆಯಲ್ಲಿ ಬರುವ ದೊಡ್ಡ ಸೇವಂತಿಗೆ ಅಲ್ಲ, ಚಿಕ್ಕದು, ಅಪ್ಪಟ ಹಳದಿ, ಕೋಣೆಯಲ್ಲಿ ಇಟ್ಟರೆ ಇಡೀ ಮನೆ ಪರಿಮಳ. ಮಳೆಗಾಲ ಮುಗಿಯುತ್ತಾ ಬಂದ ಹಾಗೆ ಅಜ್ಜಯ್ಯ ಸಾಲು ಮಾಡಿ ಸಸಿ ನೆಡುತ್ತಾರೆ. ಹೂವು ಬರುವುದು ಮಕರ ಸಂಕ್ರಮಣದ ಹೊತ್ತಿಗೆ. ಅವತ್ತೇ ಮಾರಣಕಟ್ಟೆ ಶ್ರೀ ಬ್ರಹ್ಮಲಿಂಗೇಶ್ವರ ದೇವಸ್ಥಾನದ ಜಾತ್ರೆ. ದೇವರಿಗೆ ಈ ಹೂವೇ ಆಗಬೇಕು. ಜಾತ್ರೆಗೆ ಹೋದವರೆಲ್ಲ ಸೇವಂತಿಗೆ ಕೊಂಡು ಒಪ್ಪಿಸುತ್ತಾರೆ. ಸೇವಂತಿಗೆಗೆ ರಾತ್ರಿ ಉದ್ದ ಇರಬೇಕು, ಆಗಲೇ ಮೊಗ್ಗು ಕಟ್ಟುತ್ತದೆ, ಅದಕ್ಕೇ ಅದು ಚಳಿಗಾಲದ ಹೂವು ಎಂದು ಮಾಷ್ಟ್ರು ಹೇಳಿದ್ದಾರೆ. ಇನ್ನೊಂದು ವಿಚಿತ್ರ. ನಾವು ಒಂದು ಹೂವು ಎನ್ನುವುದು ನಿಜವಾಗಿ ಒಂದು ಹೂವಲ್ಲ. ಒಂದೊಂದು ಎಸಳೂ ಒಂದೊಂದು ಹೂವಂತೆ. ನಡುವಿನಲ್ಲಿ ಇನ್ನೂ ಪುಟ್ಟ ಪುಟ್ಟ ಹೂವುಗಳು. ಸೂರ್ಯಕಾಂತಿಯೂ ಇದೇ ಕುಟುಂಬ.

ಜಾತ್ರೆಗೆ ಎಂಟು ದಿನ ಮೊದಲು ಅರಳಿದರೂ ಕಷ್ಟ, ಎರಡು ದಿನ ನಂತರ ಅರಳಿದರೂ ಕಷ್ಟ. ವರ್ಷದ ದುಡ್ಡೆಲ್ಲ ಆ ಎರಡು ಮೂರು ದಿನದಲ್ಲೇ ಆಗಬೇಕು. ಹೋದ ಡಿಸೆಂಬರಿನಲ್ಲಿ ನಾನು ಅಜ್ಜಿಮನೆಗೆ ಹೋಗುವಾಗ ನಾಲ್ಕು ದಿನದಿಂದ ಮೋಡ. ಚಳಿ ಇಲ್ಲ. ಅಜ್ಜಯ್ಯ ದಿನಕ್ಕೆ ಮೂರು ಸಲ ಗದ್ದೆಗೆ ಹೋಗಿ ಬಗ್ಗಿ ಮೊಗ್ಗು ನೋಡುವುದು, ಮೇಲೆ ಆಕಾಶ ನೋಡುವುದು. ಹೆಚ್ಚು ಮಾತಿಲ್ಲ.

ಟೀಚರ್ ಜನವರಿಯ ಗೋಡೆ ಪತ್ರಿಕೆಗೆ "ನಮ್ಮೂರ ಹೂವು" ಚಿತ್ರ ತರಲು ಹೇಳಿದ್ದರು. ನಾನು ಸೇವಂತಿಗೆಯನ್ನೇ ಬಿಡಿಸಬೇಕೆಂದು ತೀರ್ಮಾನ ಮಾಡಿದ್ದೆ. ಆದರೆ ನನ್ನ ಹಳದಿ ಪೆನ್ಸಿಲು ಉಗುರಿನಷ್ಟು ಉಳಿದಿತ್ತು. ಹಸಿರು ಮಾಡಲು ಹಳದಿಯನ್ನೇ ಹಾಕಿ ಹಾಕಿ ಅದು ಮುಗಿದಿತ್ತು.

ಇನ್ನು ಬರೆಯುವುದು ನನಗೆ ಕಷ್ಟ. ಆದರೂ ಬರೆಯುತ್ತೇನೆ.

ನನ್ನ ಬೆಂಚಿನ ಗೆಳತಿಯ ಹತ್ತಿರ 24 ಬಣ್ಣದ ಹೊಸ ಪೆಟ್ಟಿಗೆ ಇತ್ತು. ಅದರಲ್ಲಿ ಎರಡು ಹಳದಿ. ಒಂದು ನಿಂಬೆ ಹಳದಿ, ಒಂದು ಗಾಢ ಹಳದಿ. ಆ ಗಾಢ ಹಳದಿ ಸೇವಂತಿಗೆಯದೇ ಬಣ್ಣ. ಶುಕ್ರವಾರ ಬಿಸಿಯೂಟದ ಹೊತ್ತಿಗೆ ಎಲ್ಲರೂ ಕೈತೊಳೆಯಲು ಹೋದಾಗ ನಾನು ಅದನ್ನು ತೆಗೆದು ನನ್ನ ಲಂಗದ ಜೇಬಿಗೆ ಹಾಕಿಕೊಂಡೆ. ಕೇಳಿದ್ದರೆ ಅವಳು ಕೊಡುತ್ತಿದ್ದಳು. ಅವಳು ಯಾವತ್ತೂ ಇಲ್ಲ ಎಂದವಳಲ್ಲ. ಮತ್ತೆ ಯಾಕೆ ಕೇಳಲಿಲ್ಲ? ನನಗೂ ಗೊತ್ತಿಲ್ಲ. ನನ್ನ ಪೆಟ್ಟಿಗೆಯಲ್ಲಿ ಹಳದಿ ಮುಗಿದಿದೆ ಎಂದು ಹೇಳಲು ನಾಚಿಕೆ ಆಯಿತು, ಅಷ್ಟೆ. ಸೋಮವಾರ ಬೆಳಿಗ್ಗೆ ಯಾರಿಗೂ ತಿಳಿಯದ ಹಾಗೆ ಇಟ್ಟುಬಿಡುವುದು ಎಂದುಕೊಂಡೆ.

ಅಜ್ಜಿಮನೆಯ ಕಲ್ಲು ಮೆಟ್ಟಿಲು ಹತ್ತುವಾಗ ಅದು ಜೇಬಿನಿಂದ ಬಿತ್ತು. ಹೊರಗೆ ಏನೂ ಆಗಿರಲಿಲ್ಲ. ಆದರೆ ಬಣ್ಣದ ಪೆನ್ಸಿಲು ಬಿದ್ದರೆ ಒಳಗೆ ಕಡ್ಡಿ ತುಂಡು ತುಂಡಾಗುತ್ತದೆ. ಹೆರೆದರೆ ತುದಿ ಉದುರಿತು. ಮತ್ತೆ ಹೆರೆದೆ, ಮತ್ತೆ ಉದುರಿತು. ಚಿತ್ರ ಮುಗಿಯುವಾಗ ಪೆನ್ಸಿಲು ಅರ್ಧಕ್ಕಿಂತ ಕಡಿಮೆ ಆಗಿತ್ತು. ಅದನ್ನು ವಾಪಸು ಇಟ್ಟರೆ ಗೊತ್ತಾಗುತ್ತದೆ. ನಾನು ಅದನ್ನು ಅಜ್ಜಿಮನೆಯ ಬಚ್ಚಲಿನ ಒಲೆಗೆ ಹಾಕಿಬಿಟ್ಟೆ.

ಸೋಮವಾರ ಗೆಳತಿ ಅತ್ತಳು. ಅವಳ ಅಪ್ಪಯ್ಯ ಮುಂಬಯಿಯಿಂದ ತಂದುಕೊಟ್ಟ ಪೆಟ್ಟಿಗೆ ಅದು. ಟೀಚರ್ ಬರುವ ಮೊದಲೇ ಕ್ಲಾಸಿನವರೆಲ್ಲ ಸೇರಿ ಎಲ್ಲರ ಚೀಲ ನೋಡಿದರು. ಹಿಂದಿನ ಬೆಂಚಿನ ಒಬ್ಬ ಹುಡುಗನ ಚೀಲದಲ್ಲಿ ಒಂದು ಚಿಕ್ಕ ಹಳದಿ ತುಂಡು ಸಿಕ್ಕಿತು. ಅವನು ಬಿದ್ದ ಪೆನ್ಸಿಲು ತುಂಡುಗಳನ್ನೆಲ್ಲ ಹೆಕ್ಕಿ, ಹಳೆ ಪೆನ್ನಿನ ಕೊಳವೆಗೆ ಸಿಕ್ಕಿಸಿ ಬರೆಯುತ್ತಾನೆ ಎಂದು ನಮಗೆಲ್ಲ ಗೊತ್ತೇ ಇತ್ತು. ಆ ತುಂಡಿನ ಬಣ್ಣವೂ ಬೇರೆ ಇತ್ತು. ಆದರೂ ಎಲ್ಲರೂ "ಇವನೇ, ಇವನೇ" ಎಂದರು. ಅವನು, "ನಾನ್ ತೆಗ್ದದ್ದಲ್ಲ" ಎಂದು ಎರಡು ಸಲ ಹೇಳಿದ. ಮೂರನೆ ಸಲ ಹೇಳಲಿಲ್ಲ. ಸುಮ್ಮನೆ ಕೂತ.

ನಾನೂ ಸುಮ್ಮನೆ ಕೂತೆ.

ನನ್ನ ಸೇವಂತಿಗೆ ಚಿತ್ರ ಗೋಡೆ ಪತ್ರಿಕೆಯ ನಡುವಿನಲ್ಲಿ ಅಂಟಿತು. ಎಲ್ಲರೂ ಹೊಗಳಿದಿರಿ. ಹೆಡ್ಮಾಷ್ಟ್ರೂ ನಿಂತು ನೋಡಿದರು. ಗೆಳತಿಯೂ "ಹಳದಿ ಎಷ್ಟ್ ಚಂದ ಬಂದಿತ್ತ್" ಎಂದಳು. ನನಗೆ ಎದೆ ಡಬಡಬ ಎಂದಿತು. ಆ ಹುಡುಗ ಮಾತ್ರ ಅದರ ಹತ್ತಿರ ಬರಲಿಲ್ಲ. ಅವನು ಏಡಿ ಬಿಡಿಸುವುದರಲ್ಲಿ ನಮ್ಮೆಲ್ಲರಿಗಿಂತ ಹುಷಾರು. ಹತ್ತು ಕಾಲನ್ನೂ ಸರಿಯಾಗಿ ಬಿಡಿಸುವವನು ಅವನೊಬ್ಬನೇ, ನಾವೆಲ್ಲ ಎಂಟೋ ಆರೋ ಬಿಡಿಸುತ್ತೇವೆ. ಅವತ್ತಿನಿಂದ ಅವನು ಚಿತ್ರ ಬಿಡಿಸುವುದನ್ನೇ ಬಿಟ್ಟ. ಪೆನ್ನಿನ ಕೊಳವೆಯನ್ನೂ ತರಲಿಲ್ಲ.

ಸಂಕ್ರಮಣಕ್ಕೆ ನಾನು ಅಜ್ಜಿಮನೆಗೆ ಹೋದೆ. ಚಿತ್ರದ ಇನ್ನೊಂದು ಪ್ರತಿ ನನ್ನ ಹತ್ತಿರ ಇತ್ತು, ಮೊದಲು ಬಿಡಿಸಿ ಚಂದ ಆಗಲಿಲ್ಲ ಎಂದು ಬಿಟ್ಟದ್ದು. ಅದನ್ನು ಅಜ್ಜಯ್ಯನಿಗೆ ತೋರಿಸಿದೆ. ಅಜ್ಜಯ್ಯ ಕನ್ನಡಕ ಹಾಕಿಕೊಂಡು, ದೀಪದ ಹತ್ತಿರ ಹಿಡಿದು ನೋಡಿದರು.

"ಹೂಗ್ ಲಾಯ್ಕ್ ಆಯ್ತ್ ಮಗಾ. ಮೊಗ್ಗ್ ಎಲ್ಲ್?"

"ಮೊಗ್ಗು ಬಿಡಿಸಲಿಲ್ಲ ಅಜ್ಜಯ್ಯ. ಅರಳಿದ ಹೂವೇ ಚಂದ ಅಲ್ದಾ?"

"ಅರಳಿದ್ ಮೇಲೆ ಊರೆಲ್ಲಾ ಕಾಣ್ತ್. ಮೊಗ್ಗ್ ಇಪ್ಪತ್ತಿಗೆ ಕಾಂಬುದ್ ಬೆಳ್ದವ ಮಾತ್ರ. ಒಂದ್ ಗಿಡದಗೆ ಹೂಗ್ ಮಾತ್ರ ಇಪ್ಪುದುಂಟಾ? ನೀ ಕಂಡದ್ದ್ ಪೂರ್ತಿ ಬರಿಲಿಲ್ಲೆ ಹೆಣೆ. ಚಂದ ಇದ್ದದ್ದ್ ಮಾತ್ರ ಬರ್ದೆ."

ಅಜ್ಜಯ್ಯನಿಗೆ ನನ್ನ ವಿಷಯ ಏನೂ ಗೊತ್ತಿರಲಿಲ್ಲ. ಅವರು ಹೂವಿನ ಬಗ್ಗೆ ಮಾತ್ರ ಹೇಳಿದ್ದು. ಆದರೆ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಬಚ್ಚಲಿನ ಒಲೆ ನೆನಪಾಗುತ್ತಿತ್ತು. ಬೆಳಗಿನ ಜಾವ ನಾಲ್ಕು ಗಂಟೆಗೆ ಎಲ್ಲರೂ ಎದ್ದು ಟಾರ್ಚು ಹಿಡಿದು ಹೂವು ಕೊಯ್ಯಲು ಹೋದೆವು. ಮೋಡ ಇದ್ದ ಕಾರಣ ಅರ್ಧದಷ್ಟು ಮೊಗ್ಗು ಇನ್ನೂ ಬಿಗಿ ಇತ್ತು. ಅರಳಿದ್ದನ್ನು ಮಾತ್ರ ಕೊಯ್ದು ಬುಟ್ಟಿಗೆ ಹಾಕಿದೆವು. ಅಜ್ಜಿ ಎಣಿಸುತ್ತಾ ಇದ್ದಳು. ಹೋದ ವರ್ಷಕ್ಕಿಂತ ತುಂಬ ಕಡಿಮೆ. ಅಜ್ಜಯ್ಯ ಏನೂ ಮುಚ್ಚಿಡಲಿಲ್ಲ. ಹೂವು ಕೊಳ್ಳಲು ಬಂದವರಿಗೆ, "ಈ ಸಲ ಇಷ್ಟೇ ಆದ್ದ್, ಉಳ್ದದ್ದ್ ಅರಳ್ಲಿಲ್ಲೆ" ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

ನಾನು ಗದ್ದೆಯ ಅಂಚಿನಲ್ಲಿ ಕೂತು ಇನ್ನೊಂದು ಚಿತ್ರ ಬಿಡಿಸಿದೆ. ಈ ಸಲ ನನ್ನದೇ ಉಗುರಿನಷ್ಟು ಹಳದಿಯಲ್ಲಿ. ಹೆಚ್ಚು ಹಳದಿ ಇಲ್ಲದ ಕಾರಣ ಹೆಚ್ಚು ಮೊಗ್ಗುಗಳನ್ನೇ ಬಿಡಿಸಿದೆ. ಮೊಗ್ಗು ಹಸಿರು, ತುದಿಯಲ್ಲಿ ಮಾತ್ರ ಒಂದು ಚುಕ್ಕೆ ಹಳದಿ. ಕೆಳಗೆ ಬಾಡಿದ ಎಲೆಯನ್ನೂ ಬಿಡಿಸಿದೆ. ಒಂದು ಎಲೆಯಲ್ಲಿ ಹುಳು ತಿಂದ ತೂತು ಇತ್ತು, ಅದನ್ನೂ ಬಿಡಿಸಿದೆ. ಈ ಚಿತ್ರ ಮೊದಲಿನಷ್ಟು ಚಂದ ಇಲ್ಲ. ಆದರೆ ಇದು ನಮ್ಮ ಗದ್ದೆಯದ್ದೇ. ಯಾವ ಊರು ಎಂದು ಕೇಳಿದರೆ ನಾನು ಹೇಳಬಲ್ಲೆ.

ಶಾಲೆ ಶುರುವಾದ ಮೇಲೆ ಮೊದಲು ಗೆಳತಿಗೆ ಹೇಳಿದೆ. ಅವಳು ಎರಡು ದಿನ ಮಾತಾಡಲಿಲ್ಲ. ಮೂರನೆ ದಿನ ಮಾತಾಡಿದಳು, ಆದರೆ ಪೆನ್ಸಿಲಿನ ಬಗ್ಗೆ ಅಲ್ಲ, ಲೆಕ್ಕದ ಬಗ್ಗೆ. ಆಮೇಲೆ ಟೀಚರಿಗೆ ಹೇಳಿದೆ. ಅವರು ಬೈಯಲಿಲ್ಲ. "ನನಗೆ ಹೇಳಿದರೆ ಸಾಕಾ?" ಎಂದು ಮಾತ್ರ ಕೇಳಿದರು. ಸಾಕಾಗುವುದಿಲ್ಲ ಎಂದು ನನಗೂ ಗೊತ್ತಿತ್ತು. ಅವನನ್ನು ಎಲ್ಲರ ಎದುರು ಕಳ್ಳ ಎಂದಿದ್ದಾರೆ. ನಾನು ಗುಟ್ಟಿನಲ್ಲಿ ಕ್ಷಮೆ ಕೇಳಿದರೆ ಅವನ ಹೆಸರಿನ ಮೇಲಿನ ಕಲೆ ಹೋಗುವುದಿಲ್ಲ. ಅದಕ್ಕೇ ಎಲ್ಲರೂ ಓದುವ ಈ ಗೋಡೆಯಲ್ಲಿ ಬರೆಯುತ್ತಿದ್ದೇನೆ: ಪೆನ್ಸಿಲು ತೆಗೆದದ್ದು ಅವನಲ್ಲ, ನಾನು. ಅವನು ಎರಡು ಸಲ ಹೇಳಿದ್ದು ನಿಜ. ನಾನು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡೆ. ಅವನ ಚೀಲ ಹುಡುಕಿದವರು ಕೂಡ ಅವನ ಹತ್ತಿರ ಒಂದು ಮಾತು ಹೇಳಬೇಕೆಂದು ಕೇಳಿಕೊಳ್ಳುತ್ತೇನೆ. ಇದನ್ನು ಅಂಟಿಸುವ ಮೊದಲು ಅವನಿಗೆ ಓದಲು ಕೊಟ್ಟೆ. ಓದಿ ಏನೂ ಹೇಳಲಿಲ್ಲ. "ಏಡಿಗೆ ಹತ್ತ್ ಕಾಲ್ ಅಂತ ಸರಿ ಬರ್ದಿದ್ದಿ" ಎಂದು ಮಾತ್ರ ಹೇಳಿ ಹೋದ.

ಅಜ್ಜಿಯ ಜೊತೆ ಹೂವು ಕೊಯ್ದದ್ದಕ್ಕೆ ಅಜ್ಜಯ್ಯ ನನಗೆ ಸ್ವಲ್ಪ ದುಡ್ಡು ಕೊಟ್ಟಿದ್ದರು. ಅದರಲ್ಲಿ ಕುಂದಾಪುರದ ಅಂಗಡಿಯಿಂದ ಎರಡು ಹಳದಿ ಪೆನ್ಸಿಲು ತರಿಸಿದೆ. ಒಂದು ಗೆಳತಿಗೆ ಕೊಟ್ಟೆ. ಅದೇ ಗಾಢ ಹಳದಿ ಸಿಗಲಿಲ್ಲ, ಸ್ವಲ್ಪ ಬೇರೆ ಬಣ್ಣ. ಇನ್ನೊಂದನ್ನು ಹಿಂದಿನ ಬೆಂಚಿನಲ್ಲಿ ಇಟ್ಟಿದ್ದೇನೆ. ಅವನು ತೆಗೆದುಕೊಳ್ಳುತ್ತಾನೋ ಇಲ್ಲವೋ ಗೊತ್ತಿಲ್ಲ. ಯಾರೂ ಅದನ್ನು ಮುಟ್ಟಬೇಡಿ.

ಕೊನೆಯಲ್ಲಿ, ಬಣ್ಣದ ಪೆನ್ಸಿಲಿನಲ್ಲಿ ಚಿತ್ರ ಬಿಡಿಸುವವರಿಗೆ ನಾನು ಕಲಿತ ಕೆಲವು ವಿಷಯ:

1. ಮೊದಲು ಮೆಲ್ಲಗೆ ಬಣ್ಣ ಹಾಕಿ. ಒತ್ತಿ ಹಾಕಿದರೆ ಮೇಲೆ ಬೇರೆ ಬಣ್ಣ ಹಿಡಿಯುವುದಿಲ್ಲ.

2. ಬಿಳಿ ಬೇಕಾದಲ್ಲಿ ಹಾಳೆಯನ್ನೇ ಖಾಲಿ ಬಿಡಿ. ಬೆಳ್ಳಕ್ಕಿ ಬಿಡಿಸುವಾಗ ಹಕ್ಕಿಗೆ ಬಣ್ಣ ಬೇಡ, ಸುತ್ತಲಿನ ಗದ್ದೆಗೆ ಬಣ್ಣ ಹಾಕಿ.

3. ತಿಳಿ ಬಣ್ಣ ಮೊದಲು, ಗಾಢ ಬಣ್ಣ ಆಮೇಲೆ. ಹಳದಿಯ ಮೇಲೆ ನೀಲಿ ಹಾಕಬಹುದು, ನೀಲಿಯ ಮೇಲೆ ಹಳದಿ ಹಾಕಿದರೆ ಹಳದಿ ಪೆನ್ಸಿಲಿನ ತುದಿ ಕೊಳೆಯಾಗುತ್ತದೆ.

4. ಪೆನ್ಸಿಲನ್ನು ಕೆಳಗೆ ಬೀಳಿಸಬೇಡಿ. ಹೊರಗೆ ಸರಿ ಕಂಡರೂ ಒಳಗೆ ತುಂಡಾಗಿರುತ್ತದೆ.

5. ಸಾಧ್ಯವಾದರೆ ಸ್ಕೆಚ್ ಪೆನ್ನಿಗಿಂತ ಪೆನ್ಸಿಲೇ ಉಪಯೋಗಿಸಿ. ಹೋದ ಮಳೆಗಾಲದಲ್ಲಿ ಇರಚಲು ಹೊಡೆದು ನಮ್ಮ ಗೋಡೆ ಪತ್ರಿಕೆಯ ತಲೆಬರಹಗಳೆಲ್ಲ ಕರಗಿ ಇಳಿದವು. ಪೆನ್ಸಿಲಿನ ಚಿತ್ರಗಳು ಹಾಗೇ ಉಳಿದವು. ಮೇಣ ಇರುವುದರಿಂದ ನೀರಿಗೆ ಅದು ಕರಗುವುದಿಲ್ಲ.

6. ಬಿಡಿಸುವ ಮೊದಲು ಹೊರಗೆ ಹೋಗಿ ನೋಡಿ. ಮುಗಿದ ಮೇಲೆ ಇನ್ನೊಮ್ಮೆ ಹೋಗಿ ನೋಡಿ.

7. ಪೆನ್ಸಿಲು ಇಲ್ಲದಿದ್ದರೆ ಕೇಳಿ. ನನ್ನ ಪೆಟ್ಟಿಗೆಯಲ್ಲಿ ಈಗ ಹಳದಿ ಇಲ್ಲ, ಉಳಿದದ್ದೆಲ್ಲ ಇದೆ. ಬಿಳಿಯಂತೂ ತುಂಬ ಇದೆ.

ಜನವರಿಯ ಸೇವಂತಿಗೆ ಚಿತ್ರವನ್ನು ಟೀಚರಲ್ಲಿ ಕೇಳಿ ತೆಗೆದಿದ್ದೇನೆ. ಆ ಜಾಗದಲ್ಲಿ ಮೊಗ್ಗಿನ ಚಿತ್ರ ಅಂಟಿಸಿದ್ದೇನೆ. ಇದರ ಬದಿಯಲ್ಲಿ ಇನ್ನೊಂದು ಚಿತ್ರಕ್ಕೆ ಜಾಗ ಬಿಟ್ಟಿದ್ದೇವೆ. ಅಲ್ಲಿಗೆ ಒಂದು ಏಡಿ ಬಂದರೆ ನಮ್ಮ ಪತ್ರಿಕೆಗೆ ಚಂದ.

ಬರಹದಲ್ಲಿ ತಪ್ಪಿದ್ದರೆ ತಿದ್ದಿಕೊಂಡು ಓದಿ.

— 7ನೇ ತರಗತಿಯ ವಿದ್ಯಾರ್ಥಿನಿ